ಮ್ಯಾರಥಾನಿನ ಕಂಚಿನ ಓಟಗಾರರು

ಗೆದ್ದವರ ಪ್ರತಿಮೆಯನ್ನು ಗುರಿಯ ಬಳಿಯಲ್ಲಿ ನಿಲ್ಲಿಸುವುದು ಲೋಕರೂಢಿ. ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತ್ಯದ ಹಾಪ್ಕಿಂಟನ್ ಎಂಬ ಊರಿನಲ್ಲಿ 2006ರಲ್ಲಿ ಸ್ಥಾಪಿತವಾದ ಕಂಚಿನ ಪ್ರತಿಮೆಯಾದರೋ ಓಟದ ಮೊದಲನೆಯ ಮೈಲಿಯ ಬಳಿಯಲ್ಲಿಯೇ ಇದೆ. ಬಾಸ್ಟನ್ ಮ್ಯಾರಥಾನ್ ಹೊರಡುವುದು ಈ ಊರಿನಿಂದ. ಪ್ರತಿಮೆಯನ್ನು ದಾಟಿದವನಿಗೆ ಮುಂದೆ ಇನ್ನೂ 25 ಮೈಲಿಗಳ ಹಾದಿ ಉಳಿದಿರುತ್ತದೆ.

ಇದರಲ್ಲಿರುವವರು ಇಬ್ಬರು. ಒಬ್ಬನು ಸ್ಟಿಲಿಯಾನೋಸ್ ಕಿರಿಯಾಕಿಡೀಸ್. ಸೈಪ್ರಸ್ ದ್ವೀಪದಲ್ಲಿ ಹುಟ್ಟಿ, ಗ್ರೀಸ್ ದೇಶದ ಪರವಾಗಿ ಓಡಿ, 1946ರಲ್ಲಿ ಬಾಸ್ಟನ್ನಿನಲ್ಲಿ ಗೆದ್ದವನು. ಅವನಿಗೆ ದಾರಿ ತೋರುತ್ತಿರುವವನು ಸ್ಪಿರಿಡಾನ್ ಲೂಯಿಸ್; 1896ರಲ್ಲಿ ಅಥೆನ್ಸಿನಲ್ಲಿ ಮೊತ್ತಮೊದಲನೆಯ ಒಲಿಂಪಿಕ್ ಮ್ಯಾರಥಾನನ್ನು ಗೆದ್ದ, ಮರೂಸಿ ಗ್ರಾಮದ ನೀರು ಹೊರುವವನು. ಲೂಯಿಸನು 1940ರಲ್ಲಿಯೇ ತೀರಿಕೊಂಡಿದ್ದನು. ಸತ್ತವನನ್ನು ಶಿಲ್ಪಿಯಾದ ಮೈಕೋ ಕಾಫ್‌ಮನ್ ಓಟಕ್ಕೆ ಕರೆತಂದುದೇಕೆ?

1936ರಲ್ಲಿ ಬರ್ಲಿನ್ನಿನ ಒಲಿಂಪಿಕ್ ಕೂಟದಲ್ಲಿ ಇವರಿಬ್ಬರೂ ಇದ್ದರು. ಮುದಿಯಾಗುತ್ತಿದ್ದ ಲೂಯಿಸನು ಗೌರವಾತಿಥಿಯಾಗಿ ಬಂದು, ಶಾಂತಿಯ ಗುರುತಾದ ಆಲಿವ್ ಕೊಂಬೆಯೊಂದನ್ನು ಹಿಟ್ಲರನ ಕೈಗೆ ಕೊಟ್ಟನು. ಕಿರಿಯಾಕಿಡೀಸನು ಮ್ಯಾರಥಾನಿನಲ್ಲಿ ಹನ್ನೊಂದನೆಯವನಾದನು. ಐದು ವರ್ಷ ಕಳೆಯುವುದರೊಳಗೆ ಆ ಕೊಂಬೆಯನ್ನು ಸ್ವೀಕರಿಸಿದವನ ಸೈನ್ಯವು ಅಥೆನ್ಸನ್ನು ಹೊಕ್ಕಿತು. 1941ರ ಚಳಿಗಾಲದಲ್ಲಿ ಅನ್ನವಿಲ್ಲದೆ ಅಲ್ಲಿ ಸತ್ತವರು ಸಾವಿರ ಸಾವಿರ.

ಇಂತಹ ನಾಡಿನಿಂದ, ಹೊಟ್ಟೆಗೆ ಸಾಲದೆ ಸೊರಗಿದ್ದ ಮೈಯನ್ನು ಹೊತ್ತು, ಕಿರಿಯಾಕಿಡೀಸನು 1946ರ ಏಪ್ರಿಲಿನಲ್ಲಿ ಬಾಸ್ಟನ್ನಿಗೆ ಬಂದನು. ಈ ಸ್ಥಿತಿಯಲ್ಲಿ ಓಡಿದರೆ ಪ್ರಾಣಕ್ಕೇ ಅಪಾಯವೆಂದು ವೈದ್ಯರು ತಡೆದರೆಂದು ಹೇಳುತ್ತಾರೆ. ಕೊನೆಯ ಮೈಲಿಗಳಲ್ಲಿ ಅವನ ಮುಂದಿದ್ದವನು ಹಿಂದಿನ ವರ್ಷದ ವಿಜಯಿ, ಅವನ ಮಿತ್ರನೂ ಆದ ಜಾನ್ ಕೆಲ್ಲಿ. ಕಿರಿಯಾಕಿಡೀಸನು ಅವನನ್ನು ಹಿಂದಿಕ್ಕಿ, 2 ಗಂಟೆ 29 ನಿಮಿಷ 27 ಸೆಕೆಂಡುಗಳಲ್ಲಿ ಗುರಿಯನ್ನು ಮುಟ್ಟಿದನು.

ಬೇರೊಬ್ಬನಾಗಿದ್ದರೆ ಪದಕದೊಡನೆ ಮನೆಗೆ ಹೊರಡುತ್ತಿದ್ದನು. ಇವನಾದರೋ ಅಮೆರಿಕದಲ್ಲಿಯೇ ಕೆಲವು ವಾರ ನಿಂತು, ಪತ್ರಿಕೆಗಳು ಹಬ್ಬಿಸಿದ ತನ್ನ ಹೆಸರನ್ನೇ ಬಂಡವಾಳವಾಗಿಟ್ಟುಕೊಂಡು ಗ್ರೀಸಿನ ಹಸಿದವರಿಗಾಗಿ ಹಣ, ಆಹಾರ, ಔಷಧ, ಬಟ್ಟೆಗಳನ್ನು ಬೇಡಿದನು. ನಮ್ಮ ಎಣಿಕೆಯಲ್ಲಿ ಓಟಕ್ಕಿಂತಲೂ ಇದೇ ಹೆಚ್ಚಿನ ಸಾಹಸ. ಬೇಡುವುದಕ್ಕೆ ಕಾಲಿನ ಬಲ ಸಾಲದಷ್ಟೆ! ಅವನು ಹಿಂದಿರುಗಿದಾಗ ಅಥೆನ್ಸಿನ ಬೀದಿಗಳು ಜನರಿಂದ ತುಂಬಿಹೋದುವು.

ಪ್ರತಿಮೆಯ ವಿಷಯದಲ್ಲಿ ನಮ್ಮದೊಂದು ಆಕ್ಷೇಪವುಂಟು. ಎರಕದ ಲೋಹವು ಎಂತಹ ಮೈಗಾದರೂ ಒಂದು ಭಾರವನ್ನು ಕೊಟ್ಟುಬಿಡುತ್ತದೆ. ಹಸಿವನ್ನು ಕಂಚಿನಲ್ಲಿ ಎರೆಯುವುದು ಕಷ್ಟ. ಆದರೆ ಲೂಯಿಸನನ್ನು ಜೊತೆಗೆ ನಿಲ್ಲಿಸಿದುದರಿಂದ ಶಿಲ್ಪಿಯು ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿದ್ದಾನೆಂದು ನಮಗೆ ತೋರುತ್ತದೆ. ತನ್ನ ಬಲದಿಂದಲೇ ಓಡಬಲ್ಲವನಿಗೆ ದಾರಿ ತೋರುವ ಹಿರಿಯನೇಕೆ?

ಇದರ ಜೊತೆಯ ಪ್ರತಿಮೆಯೊಂದು ಗ್ರೀಸಿನ ಮ್ಯಾರಥಾನ್ ಊರಿನಲ್ಲಿ 2004ರಲ್ಲಿಯೇ ಸ್ಥಾಪಿತವಾಯಿತು. 1896ರಲ್ಲಿ ಲೂಯಿಸನು ಓಡಲಾರಂಭಿಸಿದುದು ಆ ಊರಿನಿಂದಲೇ.