ಹಲ್ಲುನೋವು: ಉಪಶಮನ ಮತ್ತು ಚಿಕಿತ್ಸೆಯ ಮಾರ್ಗ

(ಹೈದರಾಬಾದಿನಲ್ಲಿ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಾಠ)



ಜ್ವರ ಬಂದವರನ್ನು ಮನೆಯವರು ಮಲಗಿಸಿ ಉಪಚರಿಸುತ್ತಾರೆ. ಹಲ್ಲು ನೋಯುತ್ತಿದೆ ಎಂದವರ ಕೈಗೆ ಒಂದು ಲವಂಗವನ್ನು ಕೊಟ್ಟು ಕೆಲಸಕ್ಕೆ ಕಳುಹಿಸುತ್ತಾರೆ. ಹಲ್ಲಿನ ಬೇನೆ ರೋಗವೇ ಅಲ್ಲವೆಂಬ ಈ ಭಾವನೆಯೇ ಅನೇಕ ತೊಂದರೆಗಳಿಗೆ ಮೂಲವಾಗಿದೆ. ನಾನು ದಂತವೈದ್ಯನಲ್ಲ. ವೈದ್ಯಶಾಸ್ತ್ರವು ನಿರ್ವಿವಾದವಾಗಿ ಹೇಳುವ ಸಂಗತಿಗಳನ್ನು ನಮ್ಮ ಭಾಷೆಯಲ್ಲಿ ನಿಮ್ಮ ಮುಂದಿಡುವುದಷ್ಟೇ ನನ್ನ ಕಾರ್ಯ. ಅವುಗಳಲ್ಲಿ ಒಂದು ಮಾತು ಎಲ್ಲಕ್ಕಿಂತ ಮುಖ್ಯವಾದುದು: ಹಲ್ಲುನೋವು ತಾನಾಗಿ ನಿಂತ ಮಾತ್ರಕ್ಕೆ ರೋಗ ವಾಸಿಯಾಯಿತೆಂದು ಭಾವಿಸಬಾರದು.

ಹಲ್ಲಿನ ಹೊರಮೈಯನ್ನು ಆವರಿಸಿರುವ ಎನಾಮಲ್ ನಮ್ಮ ದೇಹದಲ್ಲಿಯೇ ಅತ್ಯಂತ ಗಡುಸಾದ ಪದಾರ್ಥ. ಅದರ ಒಳಗೆ ದಂತದ್ರವ್ಯವೂ, ಮಧ್ಯಭಾಗದಲ್ಲಿ ನರ ಹಾಗೂ ರಕ್ತನಾಳಗಳಿಂದ ಕೂಡಿದ ಮೃದುವಾದ ಮಜ್ಜೆಯೂ ಇರುತ್ತವೆ. ನಾವು ಸೇವಿಸಿದ ಸಿಹಿಯನ್ನು ಬಾಯಿಯ ಸೂಕ್ಷ್ಮಜೀವಿಗಳು ಆಮ್ಲವನ್ನಾಗಿ ಮಾರ್ಪಡಿಸುತ್ತವೆ. ಆ ಆಮ್ಲವು ಎನಾಮಲನ್ನು ಕ್ರಮೇಣ ಕರಗಿಸುತ್ತದೆ. ಹುಳುಕು ಎಂಬ ಹೆಸರಿದ್ದರೂ ಅಲ್ಲಿ ಯಾವ ಹುಳುವೂ ಇರುವುದಿಲ್ಲ. ಹೊಗೆ ಹಾಕಿ ಹುಳು ತೆಗೆದು ತೋರಿಸುವವರದು ಕೇವಲ ಕೈಚಳಕ.

ಹುಳುಕು ದಂತದ್ರವ್ಯವನ್ನು ಮುಟ್ಟಿದಾಗ ತಣ್ಣೀರು ಅಥವಾ ಸಿಹಿ ತಗಲಿದೊಡನೆ ಜುಮ್ಮೆಂದು ನೋಯುತ್ತದೆ. ಈ ಹಂತದಲ್ಲಿ ಸಾಮಾನ್ಯವಾಗಿ ಹುಳುಕನ್ನು ತೆಗೆದು ತುಂಬಿಸಿದರೆ ಸಾಕು. ಹುಳುಕು ಮಜ್ಜೆಯನ್ನು ತಲುಪಿದಾಗ ನೋವು ಕಾರಣವಿಲ್ಲದೆಯೇ ಏಳುತ್ತದೆ. ಮಜ್ಜೆಯ ಸುತ್ತ ಗಟ್ಟಿಯಾದ ಗೋಡೆಗಳಿರುವುದರಿಂದ ಊತಕ್ಕೆ ಹಿಗ್ಗಲು ಅವಕಾಶವಿಲ್ಲ. ಮಲಗಿದಾಗ ತಲೆಯತ್ತ ರಕ್ತದ ಒತ್ತಡ ಹೆಚ್ಚುವ ಕಾರಣ ರಾತ್ರಿಯ ವೇಳೆ ಬೇನೆ ತೀವ್ರವಾಗುತ್ತದೆ. ಅನಂತರ ಒಂದು ದಿನ ನೋವು ಇದ್ದಕ್ಕಿದ್ದಂತೆ ನಿಲ್ಲಬಹುದು. ಮಜ್ಜೆ ಸತ್ತುಹೋದುದರ ಲಕ್ಷಣವಿದು. ನೋವಿನ ಸುದ್ದಿ ತರುತ್ತಿದ್ದ ನರವೇ ಇಲ್ಲವಾದ ಮೇಲೆ ಸೋಂಕು ಸದ್ದಿಲ್ಲದೆ ಬೇರಿನ ತುದಿಗೆ ಇಳಿದು, ಅಲ್ಲಿ ಕೀವು ಕಟ್ಟಿಕೊಳ್ಳುತ್ತದೆ.

ವಸಡಿನ ರೋಗವಂತೂ ಬಹುಕಾಲ ನೋಯುವುದೇ ಇಲ್ಲ. ಹಲ್ಲುಜ್ಜುವಾಗ ರಕ್ತ ಕಾಣಿಸುವುದೇ ಅದರ ಮೊದಲ ಎಚ್ಚರಿಕೆ. ರಕ್ತ ಬರುವುದೆಂದು ಆ ಭಾಗವನ್ನು ಉಜ್ಜದೆ ಬಿಟ್ಟರೆ ಪಾಚಿ ಇನ್ನಷ್ಟು ಬೆಳೆದು, ಗಾರೆಯಂತೆ ಗಟ್ಟಿಯಾಗಿ, ಹಲ್ಲನ್ನು ಹಿಡಿದಿರುವ ಮೂಳೆಯನ್ನೇ ಸವೆಸುತ್ತದೆ. ವೈದ್ಯರು ಪಾಚಿ ತೆಗೆದರೆ ಹಲ್ಲು ಸಡಿಲವಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಸಡಿಲವಾಗಿದ್ದುದು ಆಗ ಅರಿವಿಗೆ ಬರುತ್ತದೆ, ಅಷ್ಟೆ. ಮಧುಮೇಹಿಗಳಲ್ಲಿ ವಸಡಿನ ರೋಗ ಹೆಚ್ಚು ಉಗ್ರವಾಗುತ್ತದೆ. ವಸಡಿನ ಸೋಂಕಿನಿಂದ ಸಕ್ಕರೆಯ ಹತೋಟಿಯೂ ಕಷ್ಟವಾಗುತ್ತದೆ.

ವೈದ್ಯರನ್ನು ಕಾಣುವವರೆಗೆ ಮನೆಯಲ್ಲಿ ಏನು ಮಾಡಬಹುದು? ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪನ್ನು ಬೆರೆಸಿ ಬಾಯಿ ಮುಕ್ಕಳಿಸಬಹುದು. ಹಲ್ಲುಗಳ ಸಂದಿಯಲ್ಲಿ ಸಿಕ್ಕಿದ ಆಹಾರವನ್ನು ದಾರದಿಂದ ಮೆಲ್ಲಗೆ ತೆಗೆಯಬಹುದು. ಕೆನ್ನೆಯ ಹೊರಗೆ ತಣ್ಣೀರಿನ ಬಟ್ಟೆಯನ್ನಿಡಬಹುದು. ಮಲಗುವಾಗ ತಲೆಯನ್ನು ಎತ್ತರದಲ್ಲಿಟ್ಟುಕೊಳ್ಳಬಹುದು. ಯಕೃತ್ತಿನ ತೊಂದರೆಯಿಲ್ಲದ ವಯಸ್ಕರು ಪ್ಯಾರಸಿಟಮಾಲ್ 500 ಮಿಲಿಗ್ರಾಂ ಮಾತ್ರೆಯನ್ನು ಕನಿಷ್ಠ 6 ಗಂಟೆಗಳ ಅಂತರದಲ್ಲಿ ತೆಗೆದುಕೊಳ್ಳಬಹುದು. ಇತರ ನೋವಿನ ಮಾತ್ರೆಗಳು ಹೊಟ್ಟೆಹುಣ್ಣು ಮತ್ತು ಮೂತ್ರಪಿಂಡದ ರೋಗವುಳ್ಳವರಿಗೂ ಗರ್ಭಿಣಿಯರಿಗೂ ಹಾನಿಕರವಾಗಬಹುದು. ಲವಂಗದ ಎಣ್ಣೆ ಕ್ಷಣಕಾಲ ಮರಗಟ್ಟಿಸುತ್ತದೆ. ಆದರೆ ಅದನ್ನು ಹಾಗೆಯೇ ಸುರಿದರೆ ವಸಡು ಸುಡುತ್ತದೆ. ಆಸ್ಪಿರಿನ್ ಮಾತ್ರೆಯನ್ನು ಹಲ್ಲಿನ ಪಕ್ಕದಲ್ಲಿ ಒತ್ತಿಡುವುದರಿಂದಲೂ ಹಾಗೆಯೇ ಹುಣ್ಣಾಗುತ್ತದೆ.

ತಂಬಾಕು ನೋವಿಗೆ ಮದ್ದೆಂಬ ನಂಬಿಕೆಯಿಂದ ಜರ್ದಾ ಇಡುವವರೂ, ತಂಬಾಕಿನ ಪುಡಿಯಿಂದ ಹಲ್ಲುಜ್ಜುವವರೂ ಇದ್ದಾರೆ. ಹಲ್ಲುಪುಡಿ ಹಾಗೂ ಪೇಸ್ಟುಗಳಲ್ಲಿ ತಂಬಾಕು ಬಳಸುವುದನ್ನು ಭಾರತ ಸರ್ಕಾರವು 1992ರಲ್ಲಿಯೇ ನಿಷೇಧಿಸಿದೆ. ತಂಬಾಕು ಮತ್ತು ಅಡಕೆ ಬಾಯಿಯ ಕ್ಯಾನ್ಸರಿಗೆ ಕಾರಣಗಳು. ಎರಡು ವಾರಗಳಲ್ಲಿ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲು ಬಿಗಿತ, ಇವುಗಳಲ್ಲಿ ಯಾವುದು ಕಂಡರೂ, ನೋವಿಲ್ಲದಿದ್ದರೂ, ವೈದ್ಯರಿಗೆ ತೋರಿಸತಕ್ಕದ್ದು.

ಔಷಧದ ಅಂಗಡಿಯಲ್ಲಿ ಕೇಳಿ ಆಂಟಿಬಯೋಟಿಕ್ ನುಂಗುವುದೂ ಸಲ್ಲದು. ಸೋಂಕಿನ ಮೂಲವು ಹಲ್ಲಿನಲ್ಲಿಯೇ ಉಳಿದಿರುವಾಗ ಮಾತ್ರೆಯಿಂದ ತಾತ್ಕಾಲಿಕ ಉಪಶಮನವಷ್ಟೇ ಸಾಧ್ಯ. ಬಾವು ಕಣ್ಣಿನ ಕಡೆಗಾಗಲೀ ಕುತ್ತಿಗೆಯ ಕಡೆಗಾಗಲೀ ಹರಡಿದರೆ, ಜ್ವರ ಬಂದರೆ, ಬಾಯಿ ತೆರೆಯಲು, ಉಗುಳು ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಬೆಳಗಾಗುವವರೆಗೆ ಕಾಯಬಾರದು. ಇದು ಪ್ರಾಣಾಪಾಯದ ಸ್ಥಿತಿ. 2005ರಲ್ಲಿ ಇದೇ ಹೈದರಾಬಾದಿನಲ್ಲಿ ಆರಂಭವಾದ 108 ಆಂಬುಲೆನ್ಸ್ ಸೇವೆಯನ್ನು ಕೂಡಲೇ ಕರೆದು ದೊಡ್ಡ ಆಸ್ಪತ್ರೆಯನ್ನು ಸೇರಬೇಕು. ನಡೆಯುವಾಗ ದವಡೆ ನೊಂದು, ಎದೆಯಲ್ಲಿ ಬಿಗಿತವೂ ಬೆವರೂ ಕಂಡರೆ ಅದು ಹೃದಯದ ಬೇನೆಯಿರಬಹುದೆಂಬುದನ್ನೂ ಮರೆಯಬಾರದು.

ಇನ್ನು ಚಿಕಿತ್ಸೆ ಎಲ್ಲಿ ದೊರೆಯುತ್ತದೆ ಎಂಬ ಪ್ರಶ್ನೆ. 1959ರಲ್ಲಿ ಸ್ಥಾಪಿತವಾದ ಸರ್ಕಾರಿ ದಂತವೈದ್ಯ ಕಾಲೇಜು ಮತ್ತು ಆಸ್ಪತ್ರೆಯು ಅಫ್ಜಲ್‌ಗಂಜ್‌ನಲ್ಲಿದೆ. ಬೀದರ್, ಕಲಬುರಗಿ, ರಾಯಚೂರುಗಳಿಂದ ಬರುವ ಬಸ್ಸುಗಳು ನಿಲ್ಲುವ ಮಹಾತ್ಮಾ ಗಾಂಧಿ ಬಸ್ ನಿಲ್ದಾಣಕ್ಕೆ ಅದು ಸಮೀಪ, ಕಾಚಿಗುಡದಿಂದಲೂ ದೂರವಲ್ಲ. ಹೊರರೋಗಿಗಳ ವಿಭಾಗಕ್ಕೆ ಬೆಳಿಗ್ಗೆಯೇ ಹೋಗುವುದು ಲೇಸು. ಎಲ್ಲಿ ಹೋಗಬೇಕೆಂದು ತಿಳಿಯದವರು 2018ರಿಂದ ನಗರದಲ್ಲಿ ತೆರೆಯಲಾದ ಬಸ್ತಿ ದವಾಖಾನೆಗಳಲ್ಲಿ ವಿಚಾರಿಸಬಹುದು. ಖಾಸಗಿ ವೈದ್ಯರಲ್ಲಿಗೆ ಹೋಗುವುದಾದರೆ ಅವರು ದಂತವೈದ್ಯ ಪದವೀಧರರೇ, ದಂತವೈದ್ಯ ಪರಿಷತ್ತಿನಲ್ಲಿ ನೋಂದಣಿಯಾಗಿದೆಯೇ ಎಂದು ನೋಡಬೇಕು. ರಸ್ತೆಬದಿಯಲ್ಲಿ ಹಲ್ಲು ಕೀಳಿಸಿಕೊಂಡವರಿಗೆ ಶುದ್ಧಗೊಳಿಸದ ಉಪಕರಣಗಳ ಮೂಲಕ ಕಾಮಾಲೆಯಂಥ ರೋಗ ಅಂಟುವ ಅಪಾಯವಿದೆ.

ಚುಚ್ಚುಮದ್ದಿನ ಭಯದಿಂದ ಹಿಂಜರಿಯುವವರು ಒಂದು ಸಂಗತಿಯನ್ನು ತಿಳಿಯಬೇಕು. ಶಸ್ತ್ರಚಿಕಿತ್ಸೆಯ ನೋವನ್ನು ಸುರಕ್ಷಿತವಾಗಿ ನಿವಾರಿಸುವುದು ಹೇಗೆಂಬ ಪ್ರಶ್ನೆಯನ್ನು ಈ ನಗರವು ನೂರು ವರ್ಷಗಳಿಗೂ ಹಿಂದೆಯೇ ಕೈಗೆತ್ತಿಕೊಂಡಿತ್ತು. ಸರ್ಜನ್ ಎಡ್ವರ್ಡ್ ಲಾರಿ ಅವರ ನೇತೃತ್ವದಲ್ಲಿ, ನಿಜಾಮರ ಸರ್ಕಾರದ ನೆರವಿನಿಂದ, 1888 ಮತ್ತು 1889ರಲ್ಲಿ ಇಲ್ಲಿ ಕ್ಲೋರೋಫಾರಂ ಆಯೋಗಗಳು ಪ್ರಯೋಗಗಳನ್ನು ನಡೆಸಿದವು. ಇಂದು ಕ್ಲೋರೋಫಾರಂ ಬಳಕೆಯಲ್ಲಿಲ್ಲ. ಹಲ್ಲಿನ ಸುತ್ತಲಿನ ಭಾಗವನ್ನಷ್ಟೇ ಮರಗಟ್ಟಿಸಿ, ರೋಗಿ ಎಚ್ಚರವಾಗಿರುವಂತೆಯೇ ಚಿಕಿತ್ಸೆ ಮಾಡಲಾಗುತ್ತದೆ.

ಭಾಷೆಯ ಅಳುಕೂ ಬೇಡ. ನಮ್ಮ ‘ಹಲ್ಲು’ ಹಳಗನ್ನಡದಲ್ಲಿ ‘ಪಲ್’. ತೆಲುಗಿನ ‘ಪನ್ನು’ ಅದರ ಸೋದರ ಶಬ್ದ. ‘ಪನ್ನು ನೊಪ್ಪಿ’ ಎಂದರೆ ಹಲ್ಲುನೋವು. ವಸಡಿಗೆ ತೆಲುಗಿನಲ್ಲಿ ‘ಚಿಗುಳ್ಳು’, ಉರ್ದುವಿನಲ್ಲಿ ‘ಮಸೂಡೆ’. ಊತಕ್ಕೆ ‘ವಾಪು’ ಮತ್ತು ‘ಸೂಜನ್’. ನೋವು ಎಂದಿನಿಂದ, ರಾತ್ರಿ ಹೆಚ್ಚುವುದೇ, ಬಿಸಿಗೋ ತಣ್ಣನೆಯದಕ್ಕೋ ಎಂಬುದನ್ನು ಹೇಳಲು ಸಿದ್ಧರಾಗಿ ಹೋಗಬೇಕು. ಸೇವಿಸುತ್ತಿರುವ ಮಾತ್ರೆಗಳನ್ನು ಜೊತೆಗೆ ಕೊಂಡೊಯ್ಯಬೇಕು. ಮಧುಮೇಹ, ಹೃದ್ರೋಗ, ಗರ್ಭಾವಸ್ಥೆ, ಔಷಧದ ಒಗ್ಗದಿಕೆ, ಇವುಗಳನ್ನು ಮರೆಮಾಚಬಾರದು. ರಕ್ತ ತೆಳುವಾಗಿಸುವ ಮಾತ್ರೆಯನ್ನು ತಾವಾಗಿ ನಿಲ್ಲಿಸಲೂಬಾರದು.

ಕೊನೆಯದಾಗಿ, ದಿನಗೂಲಿಯವರ ಕಷ್ಟ. ರಾಯಚೂರು, ಕಲಬುರಗಿ ಕಡೆಗಳಿಂದ ಬಂದು ಕಟ್ಟಡದ ಕೆಲಸದಲ್ಲಿ ತೊಡಗಿರುವವರಿಗೆ ಆಸ್ಪತ್ರೆಯ ಒಂದು ದಿನವೆಂದರೆ ಒಂದು ದಿನದ ಕೂಲಿ. ಹಲವು ಸಲ ಬರಬೇಕಾಗಬಹುದಾದ ರೂಟ್ ಕೆನಾಲ್ ಚಿಕಿತ್ಸೆಗಿಂತ ಒಂದೇ ಸಲಕ್ಕೆ ಮುಗಿಯುವ ಕೀಳುವಿಕೆ ಅವರಿಗೆ ಸುಲಭವೆನಿಸುವುದು ಸಹಜ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆ ಹೀಗೆ ಮೂವತ್ತರ ವಯಸ್ಸಿನಲ್ಲಿಯೇ ನಿಜವಾಗಬಾರದು. ಕೀಳಲು ಒಪ್ಪುವ ಮುನ್ನ “ಈ ಹಲ್ಲನ್ನು ಉಳಿಸಬಹುದೇ? ಎಷ್ಟು ಸಲ ಬರಬೇಕು? ಎಷ್ಟು ಖರ್ಚಾಗುತ್ತದೆ?” ಎಂದು ಕೇಳುವ ಹಕ್ಕು ಪ್ರತಿಯೊಬ್ಬ ರೋಗಿಗೂ ಇದೆ. ತುಂಬಿಸಿದರೆ ಸಾಕಾಗುವ ಹಂತದಲ್ಲಿಯೇ ಹೋದವರಿಗೆ ಈ ಇಕ್ಕಟ್ಟು ಒದಗುವ ಸಂಭವ ಕಡಿಮೆ.

ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆಗಳನ್ನು ಕಟ್ಟಿ ಬೆಳೆಸಿದ ಕನ್ನಡಿಗರ ಊರಿದು. ಇಲ್ಲಿ ನೆಲೆಸಿ ತೆಲುಗು, ಉರ್ದು ಬಲ್ಲ ತಾವು, ಹೊಸದಾಗಿ ಬಂದ ಒಬ್ಬ ಕೂಲಿಕಾರನೊಡನೆ ಒಂದು ಬೆಳಗಿನ ಮಟ್ಟಿಗೆ ಅಫ್ಜಲ್‌ಗಂಜ್‌ವರೆಗೆ ಹೋಗಿಬಂದರೆ ಅವನ ಹಲ್ಲು ಉಳಿದೀತು. ಕೆಲವೊಮ್ಮೆ ಪ್ರಾಣವೂ ಉಳಿದೀತು.