ಪಡೆಯುವವರ ತಲೆ ತಗ್ಗದಂತೆ
(ಮಾಸಿಕ ಅನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಮೂವತ್ತಮೂರು ವರ್ಷ ನೀರಾವರಿ ಇಲಾಖೆಯಲ್ಲಿ ಕಾಲುವೆ, ತೂಬು, ಗೇಟು ಎಂದು ಓಡಾಡಿದವನು ನಾನು. ವೇದಿಕೆಯ ಮಾತು ನನಗೆ ರೂಢಿಯಿಲ್ಲ. "ಬೇರೆ ಸಮಾಜದವರು ತಮ್ಮವರನ್ನು ಹೇಗೆ ನೋಡಿಕೊಳ್ಳುತ್ತಾರೆ ಎಂಬುದನ್ನು ತಿಳಿದಷ್ಟು ಹೇಳಿ" ಎಂದು ಪೂಜ್ಯರು ಅಪ್ಪಣೆ ಕೊಡಿಸಿದರು. ಯಹೂದಿ ಸಮಾಜದ ದಾನಪದ್ಧತಿಯನ್ನು ಕುರಿತು ಹೇಳುತ್ತೇನೆ. ಯಹೂದಿಗಳೆಂದರೆ ನಮಗೆ ತೀರ ದೂರದವರೇನಲ್ಲ. ಬೆಳಗಾವಿ, ವಿಜಯಪುರ ಕಡೆಯವರಿಗೆ ಗೊತ್ತಿರುವ ಪುಣೆಯ ಸಸೂನ್ ಆಸ್ಪತ್ರೆಗೆ ಹಣ ಕೊಟ್ಟ ಡೇವಿಡ್ ಸಸೂನ್, ಬಗ್ದಾದಿನಿಂದ ಬಂದು ಮುಂಬಯಿಯಲ್ಲಿ ನೆಲೆಸಿದ ಯಹೂದಿ ವರ್ತಕ. ಇಸ್ರೇಲ್ ಸರ್ಕಾರದ ರಾಜಕೀಯ, ಅಲ್ಲಿನ ಯುದ್ಧಗಳು ಬೇರೆ ವಿಷಯ. ಇಂದು ಅದಕ್ಕೆ ಕೈಹಾಕುವುದಿಲ್ಲ.

ಮೊದಲು ನನ್ನದೇ ಒಂದು ಸಂಗತಿ. 1972ರ ಬರಗಾಲದಲ್ಲಿ ನಾನು ಹೈಸ್ಕೂಲಿನಲ್ಲಿದ್ದೆ. ಹೊಲದಲ್ಲಿ ಒಂದು ಚೀಲ ಜೋಳವೂ ಬರಲಿಲ್ಲ. ಆ ವರ್ಷ ಒಬ್ಬ ದಾನಿಗಳು ಹತ್ತು ಮಂದಿ ಹುಡುಗರಿಗೆ ಅಂಗಿ, ಚಡ್ಡಿ ಕೊಟ್ಟರು. ದೊಡ್ಡ ಸಭೆ, ಹಾರ, ಭಾಷಣ. ಮೈಕಿನಲ್ಲಿ ನಮ್ಮ ಹೆಸರಿನ ಜೊತೆ ಅಪ್ಪನ ಹೆಸರನ್ನೂ ಹೇಳಿ, "ಕಡುಬಡವರ ಮಕ್ಕಳು" ಎಂದು ಕರೆದರು. ಅಪ್ಪ ಹಿಂದಿನ ಸಾಲಿನಲ್ಲಿ ನಿಂತಿದ್ದರು, ಎದ್ದು ಹೊರಗೆ ಹೋದರು. ಮನೆಗೆ ಬಂದಾಗ ಅವ್ವ ಅಂಗಿ ಮುಟ್ಟಿ ನೋಡಿ, "ಅರಿವಿ ಚಲೋ ಅದ ತಮ್ಮಾ, ಆದ್ರ ಭಾಳ ತುಟ್ಟಿ ಆತು" ಎಂದಳು. ಪುಕ್ಕಟೆ ಬಂದದ್ದು ತುಟ್ಟಿ ಹೇಗಾಯಿತೆಂದು ಆಗ ತಿಳಿಯಲಿಲ್ಲ. ತಿಳಿಯುವುದಕ್ಕೆ ಬಹಳ ವರ್ಷ ಬೇಕಾಯಿತು.

ಸೇವೆಯಲ್ಲಿದ್ದಾಗ ಹನಿ ನೀರಾವರಿ ನೋಡಿಬರಲು ನಮ್ಮ ತಂಡ ಇಸ್ರೇಲಿಗೆ ಹೋಗಿತ್ತು. ಜೆರುಸಲೇಮಿನ ಹಳೆಯ ಪೇಟೆಯ ಕಲ್ಲುಮೆಟ್ಟಿಲ ಮೇಲೆ ನಮ್ಮ ಸಹೋದ್ಯೋಗಿಯೊಬ್ಬರು ಜಾರಿ ಕಾಲು ಉಳುಕಿಸಿಕೊಂಡರು. ಹೋಟೆಲಿನವರು "ಯಾದ್ ಸಾರಾ"ಗೆ ಹೋಗಿ ಎಂದರು. ಹೋದೆವು. ವಯಸ್ಸಾದ ಒಬ್ಬರು ಅಳತೆ ನೋಡಿ ಊರುಗೋಲು ಕೊಟ್ಟರು, ಠೇವಣಿ ಇಟ್ಟುಕೊಂಡು ರಸೀದಿ ಬರೆದರು. ಬಾಡಿಗೆ ಎಷ್ಟೆಂದು ಕೇಳಿದೆ. ಬಾಡಿಗೆ ಇಲ್ಲ, ತಂದು ಒಪ್ಪಿಸಿದಾಗ ಠೇವಣಿ ವಾಪಸ್ ಎಂದರು. ನೀವು ಯಾವ ಮತದವರು, ಯಾವ ದೇಶದವರು, ಆದಾಯವೆಷ್ಟು ಎಂದು ಕೇಳಲಿಲ್ಲ. ಒಳಗೆ ನಮ್ಮ ಮೆಕ್ಯಾನಿಕಲ್ ಸಬ್‌ಡಿವಿಷನ್ನಿನ ಹಾಗೆ ಒಂದು ವರ್ಕ್‌ಶಾಪು. ನಿವೃತ್ತರು ಕುಳಿತು ಗಾಲಿಕುರ್ಚಿಗಳ ಚಕ್ರ ಸರಿಮಾಡುತ್ತಿದ್ದರು.

ಆ ಸಂಸ್ಥೆ ಶುರುವಾದದ್ದು 1976ರಲ್ಲಿ. ಉರಿ ಲುಪೋಲಿಯನ್‌ಸ್ಕಿ ಎಂಬ ಶಾಲಾ ಶಿಕ್ಷಕರು ಮಗುವಿನ ನೆಗಡಿಗೆಂದು ಹಬೆ ಕೊಡುವ ಯಂತ್ರವನ್ನು ನೆರೆಯವರಿಂದ ಕಡ ತಂದರು. ನಾಲ್ಕು ದಿನ ಬೇಕಾಗುವ ಸಾಮಾನನ್ನು ಪ್ರತಿ ಮನೆಯವರೂ ಏಕೆ ಕೊಳ್ಳಬೇಕು ಎಂದು ಯೋಚಿಸಿ ಕೆಲವು ಯಂತ್ರ ತಂದಿಟ್ಟು ಕಡ ಕೊಡತೊಡಗಿದರು. ಹಿಟ್ಲರನ ಕಾಲದ ಹತ್ಯಾಕಾಂಡದಲ್ಲಿ ಮಡಿದ ಅಜ್ಜಿಯ ಹೆಸರು ಸಾರಾ. ಯಾದ್ ಎಂದರೆ ಕೈ. ಇಂದು ದೇಶದಲ್ಲಿ ಅದರ ನೂರಕ್ಕೂ ಹೆಚ್ಚು ಶಾಖೆಗಳಿವೆ, ಸಾವಿರಾರು ಸ್ವಯಂಸೇವಕರಿದ್ದಾರೆ. ಯಹೂದಿ, ಮುಸ್ಲಿಂ, ಕ್ರೈಸ್ತ ಎನ್ನದೆ ಎಲ್ಲರಿಗೂ ಕೊಡುತ್ತಾರೆ. ಶ್ರೀಮಂತರೂ ಬಡವರೂ ಒಂದೇ ಕಿಟಕಿಯಲ್ಲಿ ನಿಂತು ಒಯ್ಯುತ್ತಾರೆ. ಸಾಲಿನಲ್ಲಿ ನಿಂತವರನ್ನು ನೋಡಿ "ಇವರು ಬಡವರು" ಎಂದು ಯಾರೂ ಹೇಳಲಾರರು. ಇದೇ ನನಗೆ ಹಿಡಿಸಿದ್ದು.

ಊರಿಗೆ ಬಂದಮೇಲೆ ಇದರ ಮೂಲ ಹುಡುಕಿ ಓದಿದೆ. ಯಹೂದಿಗಳ ಹೀಬ್ರೂ ಭಾಷೆಯಲ್ಲಿ ದಾನಕ್ಕೆ "ತ್ಸೆದಾಕಾ" ಎನ್ನುತ್ತಾರೆ. ನ್ಯಾಯ ಎಂಬರ್ಥದ "ತ್ಸೆದೆಕ್" ಅದರ ಮೂಲ. ಕೊಡುವುದು ಕೊಡುವವನ ಔದಾರ್ಯ ಎನ್ನುವುದಕ್ಕಿಂತ ಅವನು ಸಲ್ಲಿಸಬೇಕಾದ ಬಾಕಿ ಎಂಬ ಭಾವ ಆ ಮಾತಿನಲ್ಲಿದೆ. ದಾನ ಪಡೆದು ಬದುಕುವ ಬಡವನೂ ತನಗೆ ಬಂದದ್ದರಲ್ಲಿ ಸ್ವಲ್ಪ ದಾನ ಕೊಡಬೇಕೆಂದು ಅವರ ಧರ್ಮಗ್ರಂಥ ತಾಲ್ಮುದ್ ಹೇಳುತ್ತದೆ. ಬಡವನಿಂದಲೂ ಏಕೆ ಎಂದು ಮೊದಲು ಅನಿಸಿತು. ಆಮೇಲೆ ಹೊಳೆಯಿತು: ಕೊಡುವ ಹಕ್ಕು ಇರುವವನು ಬರೀ ಬೇಡುವವನಾಗಿ ಉಳಿಯುವುದಿಲ್ಲ.

ಎಂಜಿನಿಯರನಾದ ನನಗೆ ಅವರ ಅಳತೆ, ಲೆಕ್ಕ ಇನ್ನೂ ಹಿಡಿಸಿತು. ಸುಮಾರು 1,800 ವರ್ಷ ಹಿಂದೆ ಸಂಕಲನಗೊಂಡ ಮಿಷ್ನಾ ಎಂಬ ಗ್ರಂಥದಲ್ಲಿ ಎರಡು ವ್ಯವಸ್ಥೆಗಳ ಮಾತಿದೆ. ಒಂದು "ತಮ್ಹೂಯಿ", ದಿನದ ಊಟದ ಪಾತ್ರೆ. ಇನ್ನೊಂದು "ಕುಪ್ಪಾ", ವಾರಕ್ಕೊಮ್ಮೆ ಶುಕ್ರವಾರ ಹಂಚುವ ಊರ ನಿಧಿ. ಎರಡು ಹೊತ್ತಿನ ಊಟ ಮನೆಯಲ್ಲಿದ್ದವನು ತಮ್ಹೂಯಿಗೆ ಬರಬಾರದು. ಹದಿನಾಲ್ಕು ಹೊತ್ತಿನ ಊಟ ಇದ್ದವನು ಕುಪ್ಪಾದಿಂದ ಪಡೆಯಬಾರದು. ವಾರಕ್ಕೆ ಏಳು ದಿನ, ದಿನಕ್ಕೆ ಎರಡು ಊಟ, ಲೆಕ್ಕ ಸರಿಯಾಯಿತು. ನಿಧಿಯನ್ನು ಇಬ್ಬರು ಕೂಡಿ ವಸೂಲು ಮಾಡಬೇಕು, ಮೂವರು ಕೂಡಿ ಹಂಚಬೇಕು. ಚಿಲ್ಲರೆ ನಾಣ್ಯ ಬದಲಿಸುವುದಿದ್ದರೆ ನಿಧಿಯವರು ತಮ್ಮ ಸ್ವಂತ ಹಣದೊಡನೆ ಬದಲಿಸಿಕೊಳ್ಳಬಾರದು, ಬೇರೆಯವರ ಬಳಿ ಹೋಗಬೇಕು. ನಮ್ಮ ಇಲಾಖೆಯಲ್ಲಿ ಮೆಷರ್‌ಮೆಂಟ್ ಬುಕ್ಕಿಗೆ ಒಬ್ಬರು ಬರೆದರೆ ಇನ್ನೊಬ್ಬರು ಚೆಕ್ ಮಾಡಿ ರುಜು ಹಾಕಬೇಕು. ಯಾರ ಮೇಲೂ ಅನುಮಾನ ಅಂತಲ್ಲ, ಅನುಮಾನ ಹುಟ್ಟುವುದಕ್ಕೆ ಜಾಗವೇ ಇರಬಾರದು ಅಂತ.

12ನೆಯ ಶತಮಾನವೆಂದರೆ ನಮಗೆಲ್ಲ ಕಲ್ಯಾಣವೇ ಕಣ್ಣಮುಂದೆ ಬರುತ್ತದೆ. ಅದೇ ಶತಮಾನದಲ್ಲಿ, 1138ರಲ್ಲಿ, ಸ್ಪೇನಿನ ಕಾರ್ಡೋಬಾದಲ್ಲಿ ಮೈಮೊನಿಡೀಸ್ ಎಂಬವರು ಹುಟ್ಟಿದರು. ಮುಂದೆ ಈಜಿಪ್ಟಿನಲ್ಲಿ ವೈದ್ಯರಾಗಿ ಹೊಟ್ಟೆ ಹೊರೆದುಕೊಳ್ಳುತ್ತ, ಯಹೂದಿ ಧರ್ಮನಿಯಮಗಳನ್ನೆಲ್ಲ ಕ್ರಮಬದ್ಧವಾಗಿ ಬರೆದಿಟ್ಟರು. ಕುಪ್ಪಾ ಇಲ್ಲದ ಯಹೂದಿ ಊರನ್ನು ತಾವು ಕಂಡೂ ಇಲ್ಲ, ಕೇಳಿಯೂ ಇಲ್ಲ ಎನ್ನುತ್ತಾರೆ ಅವರು. ದಾನಕ್ಕೆ ಅವರು ಎಂಟು ಮೆಟ್ಟಿಲು ಹೇಳಿದ್ದಾರೆ.

ಎಲ್ಲಕ್ಕಿಂತ ಕೆಳಗಿನದು, ಮನಸ್ಸಿಲ್ಲದೆ ಮುಖ ಗಂಟಿಕ್ಕಿ ಕೊಡುವುದು. ಅದರ ಮೇಲೆ, ಕೊಡಬೇಕಾದ್ದಕ್ಕಿಂತ ಕಡಿಮೆಯಾದರೂ ನಗುಮುಖದಿಂದ ಕೊಡುವುದು. ಆಮೇಲೆ ಕೇಳಿದ ಮೇಲೆ ಕೊಡುವುದು, ಅದಕ್ಕಿಂತ ಮೇಲೆ ಕೇಳುವ ಮೊದಲೇ ಕೊಡುವುದು. ಐದನೆಯದರಲ್ಲಿ ಪಡೆಯುವವನಿಗೆ ಕೊಟ್ಟವನು ಗೊತ್ತು, ಕೊಟ್ಟವನಿಗೆ ಪಡೆದವನು ಗೊತ್ತಿಲ್ಲ. ಹಿಂದಿನ ಜ್ಞಾನಿಗಳು ಹಣವನ್ನು ಬಟ್ಟೆಯಲ್ಲಿ ಕಟ್ಟಿ ಬೆನ್ನ ಹಿಂದೆ ಇಳಿಬಿಟ್ಟು ನಡೆಯುತ್ತಿದ್ದರಂತೆ, ಬಡವರು ಹಿಂದಿನಿಂದ ಬಿಚ್ಚಿಕೊಳ್ಳಲೆಂದು. ಆರನೆಯದರಲ್ಲಿ ಕೊಡುವವನಿಗೆ ಗೊತ್ತು, ಪಡೆಯುವವನಿಗೆ ಗೊತ್ತಿಲ್ಲ. ಏಳನೆಯದರಲ್ಲಿ ಇಬ್ಬರಿಗೂ ಗೊತ್ತಿಲ್ಲ. ಜೆರುಸಲೇಮಿನ ಪುರಾತನ ದೇವಾಲಯದಲ್ಲಿ ಇದಕ್ಕೆಂದೇ ಒಂದು ಮೌನದ ಕೋಣೆ ಇತ್ತು. ಕೊಡುವವರು ಗುಟ್ಟಾಗಿ ಒಳಗೆ ಹಾಕುತ್ತಿದ್ದರು, ಬಾಳಿ ಬದುಕಿ ಕೆಟ್ಟ ಮನೆಯವರು ಗುಟ್ಟಾಗಿ ಒಯ್ಯುತ್ತಿದ್ದರು.

ಎಂಟನೆಯ ಮೆಟ್ಟಿಲು ಎಲ್ಲಕ್ಕಿಂತ ಎತ್ತರದ್ದು. ಬೀಳುತ್ತಿರುವವನಿಗೆ ಸಾಲ ಕೊಟ್ಟೋ, ವ್ಯಾಪಾರದಲ್ಲಿ ಪಾಲುದಾರನಾಗಿಸಿಕೊಂಡೋ, ಕೆಲಸ ಹುಡುಕಿಕೊಟ್ಟೋ, ಅವನು ಇನ್ನೊಬ್ಬರ ಮುಂದೆ ಕೈಚಾಚದಂತೆ ಮಾಡುವುದು. ಈ ಮಾತು ಕೇಳಿದಾಗ ನಿಮಗೆ ಕಾಯಕ ನೆನಪಾಗಿರಬೇಕು. ನನಗೂ ಆಯಿತು.

ಇದು ಗ್ರಂಥದಲ್ಲೇ ಉಳಿಯಲಿಲ್ಲ. 1892ರಲ್ಲಿ ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡ್ ಎಂಬಲ್ಲಿ, ಪೂರ್ವ ಯುರೋಪಿನಿಂದ ಬರಿಗೈಯಲ್ಲಿ ಬಂದಿಳಿದ ಯಹೂದಿಗಳಿದ್ದ ಕೇರಿಯಲ್ಲಿ, ಕೆಲವರು ಸೇರಿ 95 ಡಾಲರ್ ಕೂಡಿಸಿ ಹೀಬ್ರೂ ಫ್ರೀ ಲೋನ್ ಸೊಸೈಟಿ ಕಟ್ಟಿದರು. ಬಡ್ಡಿಯಿಲ್ಲದ ಸಾಲ, ಜಾಮೀನಿಗೆ ಪರಿಚಯದವರ ಸಹಿ. ತಿರುಗಿ ಬಂದ ಹಣ ಮುಂದಿನವನಿಗೆ. ದಾನ ಒಮ್ಮೆ ಹರಿದುಹೋಗುವ ನೀರು, ಈ ಹಣ ಮತ್ತೆ ಮತ್ತೆ ಗದ್ದೆಗೆ ಬರುವ ನೀರು. ಆ ಸೊಸೈಟಿ ಇಂದಿಗೂ ಇದೆ, ಜಾತಿ ಮತ ಕೇಳದೆ ನ್ಯೂಯಾರ್ಕಿನವರಿಗೆ ಸಾಲ ಕೊಡುತ್ತಿದೆ. ಇಂಥ ನಿಧಿಗಳಿಗೂ, ಕಡ ಕೊಡುವ ಉಗ್ರಾಣಗಳಿಗೂ ಅವರು "ಗೆಮಾಖ್" ಎನ್ನುತ್ತಾರೆ. ಒಬ್ಬರ ಮನೆಯಲ್ಲಿ ಮದುವೆಯ ಉಡುಪು, ಇನ್ನೊಬ್ಬರಲ್ಲಿ ಕೂಸಿನ ತೊಟ್ಟಿಲು, ಮತ್ತೊಬ್ಬರಲ್ಲಿ ಸಮಾರಂಭದ ಕುರ್ಚಿಗಳು. ಬೇಕಾದವರು ಒಯ್ದು ಬಳಸಿ ತಂದಿಡುತ್ತಾರೆ.

ಸಾವಿನಲ್ಲೂ ಇದೇ ಎಚ್ಚರ. ಹಿಂದೆ ಶವಸಂಸ್ಕಾರದ ಖರ್ಚು ಸಾವಿಗಿಂತ ಭಾರವಾಗಿ, ಬಂಧುಗಳು ಶವ ಬಿಟ್ಟು ಓಡಿಹೋಗುವ ಕಾಲ ಬಂದಿತ್ತಂತೆ. ಆಗ ರಬ್ಬಾನ್ ಗಮ್ಲಿಯೇಲ್ ಎಂಬ ಹಿರಿಯರು ತಮ್ಮನ್ನು ಸಾದಾ ನಾರುಬಟ್ಟೆಯಲ್ಲಿ ಮಣ್ಣು ಮಾಡಬೇಕೆಂದರು. ಹಿರಿಯರಿಗೇ ಸಾದಾ ಬಟ್ಟೆ ಸಾಕಾದಮೇಲೆ ಊರೆಲ್ಲ ಹಾಗೆಯೇ ಮಾಡಿತು. ಸೂತಕದ ಮನೆಗೆ ಸಿರಿವಂತರು ಬೆಳ್ಳಿಬುಟ್ಟಿಯಲ್ಲಿ, ಬಡವರು ಬೆತ್ತದಂಥ ಕಡ್ಡಿಬುಟ್ಟಿಯಲ್ಲಿ ಊಟ ಒಯ್ಯುತ್ತಿದ್ದರು. ಬಡವರಿಗೆ ನಾಚಿಕೆಯಾಗುತ್ತದೆಂದು ಎಲ್ಲರೂ ಕಡ್ಡಿಬುಟ್ಟಿಯಲ್ಲೇ ಒಯ್ಯಬೇಕೆಂದು ನಿಯಮವಾಯಿತು. ಬಡವನಿಗೆ ಬೆಳ್ಳಿಬುಟ್ಟಿ ಕೊಡಿಸಲಿಲ್ಲ, ಸಿರಿವಂತನ ಕೈಯಿಂದ ಅದನ್ನು ಇಳಿಸಿದರು. ಇಂದಿಗೂ "ಖೆವ್ರಾ ಕದಿಷಾ" ಎಂಬ ಸಂಘದವರು ಶವಕ್ಕೆ ಸ್ನಾನ ಮಾಡಿಸಿ ಎಲ್ಲರಿಗೂ ಒಂದೇ ಬಗೆಯ ಬಿಳಿ ಬಟ್ಟೆ ತೊಡಿಸುತ್ತಾರೆ.

ತಾಲ್ಮುದಿನಲ್ಲಿ ಒಂದು ಕಥೆ ಇದೆ. ಮಾರ್ ಉಕ್ವಾ ಎಂಬವರು ನೆರೆಯ ಬಡವನೊಬ್ಬನ ಬಾಗಿಲ ಸಂದಿಯಲ್ಲಿ ದಿನಾಲೂ ನಾಲ್ಕು ನಾಣ್ಯ ಇಟ್ಟುಹೋಗುತ್ತಿದ್ದರು. ಯಾರಿರಬಹುದೆಂದು ನೋಡಲು ಅವನು ಒಂದು ದಿನ ಹೊರಗೆ ಬಂದ. ಮಾರ್ ಉಕ್ವಾ ಮತ್ತು ಅವರ ಹೆಂಡತಿ ಓಡಿ, ಆಗತಾನೆ ಕೆಂಡ ತೆಗೆದ ಒಲೆಯೊಳಗೆ ಅಡಗಿದರು. ಕಾಲು ಸುಟ್ಟಿತು. ಇನ್ನೊಬ್ಬನನ್ನು ನಾಲ್ಕು ಜನರ ಮುಂದೆ ನಾಚಿಸುವುದಕ್ಕಿಂತ ಒಲೆಗೆ ಬೀಳುವುದು ಲೇಸೆಂಬುದು ಅದರ ತಾತ್ಪರ್ಯ.

ಅವರಲ್ಲಿ ಎಲ್ಲವೂ ಚೊಕ್ಕ ಎಂದು ಹೇಳಿದರೆ ನಿಮಗೆ ಸುಳ್ಳು ಹೇಳಿದಂತಾಗುತ್ತದೆ. ಯಾದ್ ಸಾರಾ ಕಟ್ಟಿದ ಅದೇ ಲುಪೋಲಿಯನ್‌ಸ್ಕಿ ಮುಂದೆ ಜೆರುಸಲೇಮಿನ ಮೇಯರ್ ಆದರು. ದೊಡ್ಡದೊಂದು ಕಟ್ಟಡ ಯೋಜನೆಯವರಿಂದ ಸಂಸ್ಥೆಗೆ ಬಂದ ದೇಣಿಗೆ ಲಂಚವೇ ಎಂದು 2014ರಲ್ಲಿ ಟೆಲ್ ಅವೀವ್ ನ್ಯಾಯಾಲಯ ಅವರನ್ನು ತಪ್ಪಿತಸ್ಥರೆಂದಿತು. ಹಣ ಅವರ ಜೇಬಿಗೆ ಹೋಗಿರಲಿಲ್ಲ, ಸಂಸ್ಥೆಗೆ ಹೋಗಿತ್ತು. ಆದರೂ ಲಂಚ ಲಂಚವೇ.

ಇದನ್ನು ಓದಿದಾಗ ನನ್ನ ಎದೆ ಧಸಕ್ಕೆಂದಿತು. ನಾನು ಸೇವೆಯಲ್ಲಿದ್ದಾಗ ಒಬ್ಬ ಗುತ್ತಿಗೆದಾರರು ನಮ್ಮೂರ ಶಾಲೆಗೆ ಎರಡು ಕೋಣೆ ಕಟ್ಟಿಸಿಕೊಡುತ್ತೇನೆಂದರು. ಅವರ ಬಿಲ್ಲು ನನ್ನ ಮೇಜಿನ ಮೇಲಿತ್ತು. "ನಿಮಗೇನೂ ಬೇಡ ಸಾಹೇಬ್ರ, ಧರ್ಮದ ಕೆಲಸ" ಎಂದರು. ಬೇಡವೆಂದೆ. ಆದರೆ ಬೇಡವೆನ್ನಲು ಒಂದು ರಾತ್ರಿ ಹಿಡಿಯಿತು. ನನಗಾಗಿ ಕೇಳಿದ್ದರೆ ಒಂದು ನಿಮಿಷವೂ ಬೇಕಿರಲಿಲ್ಲ. ಧರ್ಮದ ಹೆಸರು ಬಂದಾಗಲೇ ನಾವು ಜಾರುವುದು. ವಸೂಲಿಗೆ ಇಬ್ಬರು, ಹಂಚಲು ಮೂವರು ಎಂಬ ಹಳೆಯ ನಿಯಮದ ಬೆಲೆ ಆಗ ತಿಳಿಯಿತು.

ಇನ್ನೊಂದು ತಪ್ಪನ್ನು ಮಾತ್ರ ನಾನು ಮಾಡಿಯೇಬಿಟ್ಟೆ. ನಿವೃತ್ತನಾದ ವರ್ಷ ಅಪ್ಪನ ಸ್ಮರಣಾರ್ಥ ನಮ್ಮೂರ ಶಾಲೆಯ ಮಕ್ಕಳಿಗೆ ಬ್ಯಾಗು ಹಂಚಿದೆ. ಬ್ಯಾಗಿನ ಮೇಲೆ ಅಪ್ಪನ ಹೆಸರು, ಕೆಳಗೆ ದಾನಿ ಎಂದು ನನ್ನ ಹೆಸರು. ವೇದಿಕೆ, ಹಾರ, ಪತ್ರಿಕೆಯಲ್ಲಿ ಫೋಟೋ. ತಿಂಗಳ ಮೇಲೆ ಊರಿಗೆ ಹೋದಾಗ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹುಡುಗಿಯನ್ನು ಕಂಡೆ. ಬ್ಯಾಗು ನನ್ನದೇ. ಅಕ್ಷರಗಳ ಮೇಲೆ ಅವಳ ತಾಯಿ ಹಳೆಯ ಸೀರೆಯ ತುಂಡು ಹಾಕಿ ಅಂದವಾಗಿ ಹೊಲಿದಿದ್ದಳು. ಅವ್ವ ಅಂದ ತುಟ್ಟಿ ಎಂಬ ಮಾತು ಅಂದು ಅರ್ಥವಾಯಿತು. ಮೈಕಿನ ಮುಂದಿನಿಂದ ಎದ್ದುಹೋದ ಅಪ್ಪನ ಹೆಸರಿನಲ್ಲೇ ನಾನು ಅದನ್ನು ಮಾಡಿದ್ದೆ.

ದಾಸೋಹದ ನಾಡಿನವರಿಗೆ ಕೊಡುವುದನ್ನು ನಾನು ಕಲಿಸಬೇಕಾಗಿಲ್ಲ. ಮಠಗಳ ಪ್ರಸಾದದ ಪಂಕ್ತಿಯಲ್ಲಿ ಯಾರು ಬಡವರು ಎಂದು ಯಾರೂ ಕೇಳುವುದಿಲ್ಲ, ನಮ್ಮಂಥ ಎಷ್ಟೋ ಜನ ಆ ಪಂಕ್ತಿಯಲ್ಲಿ ಉಂಡೇ ಓದಿದವರು. ಆ ಪಂಕ್ತಿಯ ಮರ್ಯಾದೆ ನಮ್ಮ ಬೇರೆ ದಾನಗಳಿಗೂ ಬರಲಿ ಎಂಬುದಷ್ಟೇ ನನ್ನ ಬಿನ್ನಹ. ಒಂದು ಸಣ್ಣ ಕೆಲಸದಿಂದ ಶುರುಮಾಡಬಹುದು. ಹಿರಿಯರು ಲಿಂಗೈಕ್ಯರಾದ ಮೇಲೆ ಎಷ್ಟೋ ಮನೆಗಳ ಅಟ್ಟದಲ್ಲಿ ಗಾಲಿಕುರ್ಚಿ, ವಾಕರ್, ಗಾಳಿಹಾಸಿಗೆ ಧೂಳು ತಿನ್ನುತ್ತಿವೆ. ಪಕ್ಕದ ಓಣಿಯಲ್ಲಿ ಅದೇ ಸಾಮಾನಿಗಾಗಿ ಒಬ್ಬರು ಸಾಲ ಮಾಡುತ್ತಿರುತ್ತಾರೆ. ಒಂದು ಕೋಣೆ, ಒಂದು ಸ್ಟಾಕ್ ರಿಜಿಸ್ಟರು, ಸಾಮಾನು ಕೊಡಲು ಇಬ್ಬರು, ತಿಂಗಳಿಗೊಮ್ಮೆ ಲೆಕ್ಕ ನೋಡಲು ಮೂರನೆಯವರು. ಬಡವರಿಗೆ ಎಂದು ಬೋರ್ಡು ಬೇಡ, ಎಲ್ಲರಿಗೂ ಎಂದಿರಲಿ. ಸಾಮಾನಿನ ಮೇಲೆ ದಾನಿಯ ಹೆಸರು ಬೇಡ, ನಂಬರು ಸಾಕು. ಪೂಜ್ಯರು ಅಪ್ಪಣೆ ಕೊಟ್ಟರೆ ರಿಜಿಸ್ಟರು ಬರೆಯುವ ಕೆಲಸ ನನ್ನದು. ನನ್ನ ಅಟ್ಟದ ಮೇಲೆ ಅವ್ವನ ವಾಕರ್ ಇದೆ. ಅದೇ ಒಂದನೆಯ ನಂಬರು ಆಗಲಿ.