ಬಂದ್ ಆದ ದಿನಗಳ ಕೂಲಿ ಯಾರ ಬಾಕಿ?



ಈ ಉಪನ್ಯಾಸ ಮಾಲೆಯಲ್ಲಿ ನನಗೆ ಕೊಟ್ಟ ವಿಷಯ ‘ಗಣಿಯ ನಂತರದ ಬಳ್ಳಾರಿ’. ಅಷ್ಟು ದೊಡ್ಡದು ನನ್ನಿಂದಾಗದು. ಅದರೊಳಗಿನ ಒಂದು ಜಗಳವನ್ನಷ್ಟೇ ಎತ್ತಿಕೊಂಡಿದ್ದೇನೆ. ಇತಿಹಾಸ ನಿಮಗೆಲ್ಲ ಗೊತ್ತಿದ್ದದ್ದೇ. 2011ರ ಜುಲೈ 27ಕ್ಕೆ ಅಕ್ರಮ ಗಣಿಗಾರಿಕೆ ಕುರಿತ ಸಂತೋಷ್ ಹೆಗ್ಡೆಯವರ ಲೋಕಾಯುಕ್ತ ವರದಿ, ಎರಡು ದಿನಕ್ಕೆ ಜಿಲ್ಲೆಯ ಗಣಿಗಾರಿಕೆಗೆ ಸುಪ್ರೀಂ ಕೋರ್ಟಿನ ತಡೆ, ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರಿಗೂ ಅದೇ ಆಜ್ಞೆ. 2013ರ ಏಪ್ರಿಲ್ 18ರ ತೀರ್ಪಿನಲ್ಲಿ, ಅಕ್ರಮದ ಪ್ರಮಾಣ ನೋಡಿ ವಿಂಗಡಿಸಿದ ಎ, ಬಿ ವರ್ಗದ ಗಣಿಗಳಿಗೆ ಷರತ್ತಿನ ಅನುಮತಿ, ಸಿ ವರ್ಗದ ಗುತ್ತಿಗೆ ರದ್ದು. ಆ ತಡೆ ಬೇಕಾಗಿತ್ತು ಎಂದು ಈ ಊರಿನ ಸಭೆಗಳಲ್ಲಿ ಕೂಗಿದವರಲ್ಲಿ ನಾನೂ ಇದ್ದೆ. ಈಗಲೂ ಹಾಗೆಯೇ ಹೇಳುತ್ತೇನೆ.

ಜಗಳ ಬೇರೆಯದು. ತಡೆ ಬಂದ ವಾರದಲ್ಲೇ ಗಣಿ ಮಾಲೀಕರಿಗೆ ಕೂಲಿಕಾರರ ಮೇಲೆ ಎಲ್ಲಿಲ್ಲದ ಮಮತೆ ಉಕ್ಕಿತು. ಸಾವಿರಾರು ಮನೆಗಳ ಒಲೆ ಆರಿತು, ಗಣಿ ಬಿಡಿ ಎಂದರು. ಒಲೆ ಆರಿದ್ದು ಸುಳ್ಳಲ್ಲ. ಆದರೆ ಕೈಯಲ್ಲಿ ಅದಿರು ಒಡೆದು, ಆರಿಸಿ, ಬುಟ್ಟಿ ಹೊರುತ್ತಿದ್ದ ಹೆಂಗಸರನ್ನು ಹಿಟಾಚಿ, ಕ್ರಷರ್ ತಂದು ಮನೆಗೆ ಕಳಿಸಿದ್ದು ಯಾವ ಕೋರ್ಟೂ ಅಲ್ಲ. ಚೀನಾದ ಬೇಡಿಕೆಯ ಭರಾಟೆಯ ವರ್ಷಗಳಲ್ಲಿ ಅದನ್ನು ಮಾಡಿದವರು ಇದೇ ಮಾಲೀಕರು. ಇತ್ತ ನಾವು, ಗುಡ್ಡದ ಪರವಾಗಿ ನಿಂತವರು, ಕೂಲಿಯ ಮಾತು ಎತ್ತಿದರೆ ಮಾಲೀಕರ ವಾದಕ್ಕೆ ಬಲ ಬಂದೀತೆಂದು ಬಾಯಿ ಬಿಡಲಿಲ್ಲ. ಎರಡೂ ಕಡೆಯವರಿಗೆ ಕೂಲಿಕಾರ ಸಾಕ್ಷಿಯಾಗಿ ಬೇಕಿದ್ದ, ಅರ್ಜಿದಾರನಾಗಿ ಬೇಕಿರಲಿಲ್ಲ.

ಇಲ್ಲಿ ನಮ್ಮ ಅರ್ಥಶಾಸ್ತ್ರದ ಮೇಷ್ಟ್ರು ನೆನಪಾಗುತ್ತಾರೆ. ಬಜೆಟ್ ಪಾಠ ಮಾಡುವಾಗ ಒಮ್ಮೆ ಗಂಟೆ ಹೊಡೆಯಿತು. ಅವರು ಪುಸ್ತಕ ಮುಚ್ಚಿ, ‘ಈಗ ಗಂಟೆ ಹೊಡೆದನಲ್ಲ, ಅವನ ಪಗಾರ ಯಾವ ಲೆಕ್ಕದಲ್ಲಿ ಬರುತ್ತದೆ, ಹೇಳ್ರಿ’ ಎಂದರು. ನಮಗಾರಿಗೂ ತಿಳಿಯಲಿಲ್ಲ. ‘ಸಾದಿಲ್ವಾರು. ಸೀಮೆಸುಣ್ಣ, ಕಸಬರಿಗೆ, ಆಮೇಲೆ ಅವನು’ ಎಂದು ಪಾಠಕ್ಕೆ ಮರಳಿದರು. ಅವತ್ತಿನ ಪಾಠ ಸಂವಿಧಾನದ 206ನೇ ವಿಧಿ, ಲೇಖಾನುದಾನ. ಬಜೆಟ್ ಪೂರ್ತಿ ಒಪ್ಪಿಗೆಯಾಗದಿದ್ದರೂ ಖರ್ಚಿಗೆ ಮುಂಗಡ ಮಂಜೂರು ಮಾಡಿಕೊಳ್ಳುವ ದಾರಿ ಅದು. ಹಾಗಾಗಿ ನಮ್ಮಲ್ಲಿ ಸರ್ಕಾರ ಬೀಳಬಹುದು, ಕಚೇರಿಗೆ ಬೀಗ ಬೀಳುವುದಿಲ್ಲ.

ಅಮೆರಿಕದಲ್ಲಿ ಬೀಗವೇ ಬೀಳುತ್ತದೆ. 2018ರ ಡಿಸೆಂಬರಿನಿಂದ 35 ದಿನ, 2025ರ ಅಕ್ಟೋಬರ್ 1ರಿಂದ 43 ದಿನ ಅಲ್ಲಿನ ಕೇಂದ್ರ ಸರ್ಕಾರದ ಎಷ್ಟೋ ಕೆಲಸ ನಿಂತಿತ್ತು. ಕಾಯಂ ನೌಕರರಿಗೆ ನಿಂತ ದಿನಗಳ ಸಂಬಳ ಆಮೇಲೆ ಕೊಡಲೇಬೇಕೆಂದು 2019ರಲ್ಲಿ ಕಾನೂನಾಯಿತು. ಅದೇ ಕಟ್ಟಡಗಳಲ್ಲಿ ನೆಲ ಒರೆಸುವ, ಕಾವಲು ಕಾಯುವ, ಕ್ಯಾಂಟೀನ್ ನಡೆಸುವ ಗುತ್ತಿಗೆಯವರಿಗೆ ಆ ಕಾನೂನಿನಲ್ಲಿ ಜಾಗವಿಲ್ಲ. ಮೇಷ್ಟ್ರಿದ್ದಿದ್ದರೆ ಅಲ್ಲಿನ ಗಂಟೆ ಹೊಡೆಯುವವನನ್ನು ವಿಚಾರಿಸುತ್ತಿದ್ದರು. ಬೀಗವಿಲ್ಲದ ನಮ್ಮಲ್ಲೂ ಹಾಸ್ಟೆಲ್ಲಿನ ಹೊರಗುತ್ತಿಗೆ ಅಡುಗೆಯವರು ‘ಅನುದಾನ ಬಂದಿಲ್ಲಮ್ಮ’ ಎಂಬ ಮಾತು ಕೇಳುತ್ತಲೇ ಇರುತ್ತಾರೆ.

ಈಗ ನನ್ನ ಹಳೇ ಹುಚ್ಚಿಗೆ ಬರುತ್ತೇನೆ. ಕಾನೂನು ಪುಸ್ತಕ ತಿರುವುತ್ತಾ ಎರಡು ಕಲಂ ಕಂಡಿದ್ದೆ. 1947ರ ಕೈಗಾರಿಕಾ ವಿವಾದ ಕಾಯ್ದೆಯ 25ಸಿ: ಲೇ-ಆಫ್ ಆದವನಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧ. ಗಣಿಗೂ ಆ ಅಧ್ಯಾಯ ಸಲ್ಲುತ್ತಿತ್ತು. ಕೋರ್ಟು ನಿಲ್ಲಿಸಿದ ಕೆಲಸ ಲೇ-ಆಫ್ ಹೌದೋ ಅಲ್ಲವೋ ಎಂಬುದು ವಕೀಲರಿಗೆ ಬಿಟ್ಟದ್ದು. ಇನ್ನೊಂದು, 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯ 21(4): ಗುತ್ತಿಗೆದಾರ ದುಡಿದ ಕೂಲಿ ಕೊಡದೆ ಕೈಯೆತ್ತಿದರೆ ಮೂಲ ಮಾಲೀಕನೇ ಕೊಡಬೇಕಿತ್ತು, ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬಹುದಿತ್ತು. 2025ರ ನವೆಂಬರ್ 21ರಿಂದ ಇವುಗಳ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಮೂಲ ಮಾಲೀಕನ ಆ ಹೊಣೆ ಅಲ್ಲೂ ಉಳಿದಿದೆ. ಆ ಎರಡು ಕಲಂ ಹಿಡಿದುಕೊಂಡು ಉತ್ಸಾಹದಿಂದ ಕುರುಗೋಡಿನ ಒಬ್ಬ ಲಾರಿ ಡ್ರೈವರ್‌ಗೆ ಓದಿ ಹೇಳಿದೆ. ಆತ ಪೂರ್ತಿ ಕೇಳಿ, ‘ಸಾರ್, ನನ್ನ ಹೆಸರು ಯಾರ ಹಾಜರಿ ಪುಸ್ತಕದಾಗೂ ಇಲ್ಲ. ಫೈನಾನ್ಸಿನವರ ಪುಸ್ತಕದಾಗ ಮಾತ್ರ ಐತಿ’ ಎಂದ.

25ಸಿ ಕೇಳುತ್ತಿದ್ದದ್ದೂ ಅದನ್ನೇ. ಮಸ್ಟರ್ ರೋಲಿನಲ್ಲಿ ಹೆಸರಿರಬೇಕು, ವರ್ಷ ತುಂಬಿರಬೇಕು, ಬದಲಿ ಆಳೂ ಸಾಂದರ್ಭಿಕ ಆಳೂ ಆಗಿರಬಾರದು. ಡ್ರೈವರ್, ಕ್ಲೀನರ್, ತಾಡಪಾಲು ಕಟ್ಟುವ ಹುಡುಗ, ಪಂಕ್ಚರ್ ಅಂಗಡಿಯವನು, ಹೆದ್ದಾರಿಯ ಮಿರ್ಚಿ ಬಂಡಿಯಾಕೆ, ಇವರಲ್ಲಿ ಯಾರಿದ್ದಾರೆ ಅದರಲ್ಲಿ? ಆ ಡ್ರೈವರನ ಲಾರಿ ಕಂತು ಕಟ್ಟದೆ ಜಪ್ತಿಯಾಯಿತು, ಹೆಂಡತಿ ಸಿರುಗುಪ್ಪದ ಕಡೆ ಭತ್ತದ ನಾಟಿ ಗುಂಪು ಸೇರಿದಳು, ಮಗಳ ಪಿಯುಸಿ ಅರ್ಧಕ್ಕೆ ನಿಂತಿತು.

ಅದೇ ಹೊತ್ತಿನಲ್ಲಿ ಅದಿರಿನ ಲೆಕ್ಕ ಎಷ್ಟು ಚೊಕ್ಕವಾಗಿ ನಡೆಯಿತು ನೋಡಿ. ತೆಗೆದು ಗುಡ್ಡೆ ಹಾಕಿದ್ದ ಸುಮಾರು 2.5 ಕೋಟಿ ಟನ್ನನ್ನು ಕೋರ್ಟು ನೇಮಿಸಿದ ಉಸ್ತುವಾರಿ ಸಮಿತಿ ಇ-ಹರಾಜಿನಲ್ಲಿ ಮಾರಿತು. ಉಕ್ಕಿನ ಕಾರ್ಖಾನೆಗಳು ನಿಲ್ಲಬಾರದೆಂದು ಕೇಂದ್ರ ಸರ್ಕಾರದ ಗಣಿ ಕಂಪನಿಯಾದ ಎನ್‌ಎಂಡಿಸಿಗೆ ತಿಂಗಳಿಗೆ 10 ಲಕ್ಷ ಟನ್ ತೆಗೆಯಲು ಆಗಸ್ಟಿನಲ್ಲೇ ಅನುಮತಿ ಸಿಕ್ಕಿತು. ಅಗೆದ ಗುಂಡಿಗೆ, ತ್ಯಾಜ್ಯದ ದಿಬ್ಬಕ್ಕೆ, ನೆಡಬೇಕಾದ ಗಿಡಕ್ಕೆ ಒಂದೊಂದು ಗಣಿಗೂ ಯೋಜನೆಯಾಯಿತು. ಮಾರಾಟದ ಪಾಲಿನಿಂದ ಬೆಳೆದ ನಿಧಿ ಇವತ್ತು ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ, ಅಂದರೆ ಕೆಎಂಇಆರ್‌ಸಿ ಕೈಯಲ್ಲಿ ಸಾವಿರಾರು ಕೋಟಿ. ರಸ್ತೆ, ಆಸ್ಪತ್ರೆ, ಕುಡಿಯುವ ನೀರು ಎಲ್ಲ ಅದರಲ್ಲಿದೆ. ಇರಲಿ, ಬೇಕಾದದ್ದೇ. ಆದರೆ ಕೆಲಸ ಕಳಕೊಂಡವರ ಹೆಸರು ಬರೆದುಕೊಳ್ಳಲು ಊರೂರಿಗೆ ಒಬ್ಬ ಗುಮಾಸ್ತನನ್ನು ಕಳಿಸುವ ಯೋಚನೆ ಯಾರಿಗೂ ಬರಲಿಲ್ಲ.

ಇದು ಹಳೇ ಕಥೆ ಎನ್ನುವವರು ಸಿರುಗುಪ್ಪ, ಕುರುಗೋಡು ಕಡೆ ಹೋಗಿಬರಲಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟ್ ಕೊಚ್ಚಿಹೋಯಿತು. 33 ಗೇಟ್‌ಗಳನ್ನೂ ಬದಲಿಸಬೇಕೆಂದು 2025-26ರ ಎರಡನೇ ಬೆಳೆಗೆ ಕಾಲುವೆ ನೀರು ಇಲ್ಲವೆಂದರು. ಗೇಟ್ ಹಾಕಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ರೈತರು ಎಕರೆ ಲೆಕ್ಕದಲ್ಲಿ ಪರಿಹಾರ ಕೇಳಿದರು, ಅದೂ ನ್ಯಾಯ. ಎಕರೆಗೆ ಇಷ್ಟೆಂದು ಗುತ್ತಿಗೆ ಮಾತಾಡಿಕೊಂಡು ನಾಟಿ ಹಚ್ಚುವ ಹೆಂಗಸರಿಗೆ, ಮಿಲ್ಲಿನಲ್ಲಿ ಚೀಲಕ್ಕೆ ಇಷ್ಟೆಂದು ಹೊರುವ ಹಮಾಲರಿಗೆ ಎಕರೆಯೇ ಇಲ್ಲವಲ್ಲ, ಅವರು ಯಾವ ಲೆಕ್ಕದಲ್ಲಿ ಕೇಳಬೇಕು?

ನನ್ನ ಬೇಡಿಕೆ ಇಷ್ಟೇ: ಸರ್ಕಾರವಾಗಲಿ ಕೋರ್ಟಾಗಲಿ ಒಂದು ಕೆಲಸ ನಿಲ್ಲಿಸುವ ಆಜ್ಞೆ ಬರೆಯುವಾಗಲೇ, ಯಾರ ಕೂಲಿ ನಿಲ್ಲುತ್ತದೆ ಎಂಬ ಪಟ್ಟಿಯನ್ನೂ ಬರೆಸಬೇಕು. ಹೇಳುವುದು ಸಲೀಸು. ಪಟ್ಟಿ ಮಾಡುವವರು ಯಾರು? ಮೇಸ್ತ್ರಿಯನ್ನು ಕೇಳಿದರೆ ಅವನ ನೆಂಟರ ಹೆಸರೇ ಮೊದಲು ಬರುವುದಿಲ್ಲವೇ? ಪರ್ಮಿಟ್ ಇಲ್ಲದ ಅದಿರು ಎಂದು ಗೊತ್ತಿದ್ದೂ ರಾತ್ರಿ ಲಾರಿ ಓಡಿಸಿದವನಿಗೆ ನಿಧಿಯಿಂದ ಕೊಡಬಹುದೇ? ಕೊಡಬೇಕು ಎನ್ನುತ್ತೇನೆ ನಾನು. ಹಾಗಾದರೆ ಅದೇ ಲಾರಿಯನ್ನು ಸಾಲ ಮಾಡಿ ಕೊಂಡ ಸಣ್ಣ ಮಾಲೀಕನಿಗೆ? ಹತ್ತು ಲಾರಿ ಇದ್ದವನಿಗೆ? ಎಲ್ಲಿ ಗೆರೆ ಎಳೆಯುವುದು? ಈ ಸಭೆಯಲ್ಲಿ ಕಾರ್ಮಿಕ ಇಲಾಖೆಯಲ್ಲಿ ದುಡಿದು ನಿವೃತ್ತರಾದವರಿದ್ದಾರೆ, ಲಾರಿ ಇಟ್ಟಿದ್ದವರೂ ಇದ್ದಾರೆ. ಪ್ರಶ್ನೋತ್ತರದಲ್ಲಿ ನನ್ನನ್ನು ಕೇಳುವ ಬದಲು ನೀವೇ ಹೇಳಿ, ಆ ಗೆರೆ ನೀವಾಗಿದ್ದರೆ ಎಲ್ಲಿ ಎಳೆಯುತ್ತಿದ್ದಿರಿ?